ಕೆರೆದು ತೆಗೆದ ಗೀರು

1983ರ ಡಿಸೆಂಬರ್ ಒಂಬತ್ತನೆಯ ತಾರೀಖು ಮಧ್ಯಾಹ್ನ ನನ್ನ ಗಂಡ ತಾಟಿನ ಮುಂದೆ ಕೂತು ರೊಟ್ಟಿಯನ್ನು ಮುರಿದು ಮುರಿದು ಇಟ್ಟರೇ ಹೊರತು ಬಾಯಿಗೆ ಒಯ್ಯಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಎಂದರೆ ಅವರಿಗೆ ಪ್ರಾಣ. ಅದೂ ಹಾಗೇ ಆರಿತು. ಅತ್ತೆ ಗುರುಲಿಂಗವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಮಗನ ತಾಟು ನೋಡಿ, ಉಪ್ಪು ಎಷ್ಟು ಹಾಕಿದ್ದೀ ಎಂದು ನನ್ನನ್ನೇ ಕೇಳಿದರು. ಇವರು ಕೈ ತೊಳೆದು ಹಿತ್ತಲಿಗೆ ಹೋದರು. ನಾನೂ ಹಿಂದೆ ಹೋದೆ.

"ಮಾದೇವಿ, ನಾ ಇವತ್ತ ಒಂದು ಸುಳ್ಳು ಹೇಳಿ ಬಂದೇನಿ," ಎಂದರು.

ಆ ಸುಳ್ಳು ಏನೆಂದು ತಿಳಿಯಬೇಕಾದರೆ ಮೊದಲು ಅವರ ಕೈಕೆಲಸದ ಮಾತು ಹೇಳಬೇಕು.

ಅವರ ಹೆಸರು ಹೊಳಬಸಪ್ಪ. ಬಾಯಿಂದ ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ. ಹುಟ್ಟಿದ್ದು ಹುನಗುಂದ. ಮೆಟ್ರಿಕ್ ನಪಾಸಾದ ಮೇಲೆ ಬಾಗಲಕೋಟೆಯಲ್ಲಿ ಮುರ್ತುಜಸಾಬ ಎಂಬುವರ ಫೋಟೋ ಅಂಗಡಿಗೆ ಸೇರಿದರು. ಮುರ್ತುಜಸಾಬರು ಫೋಟೋ ತೆಗೆಯುವುದಕ್ಕಿಂತ ಅದನ್ನು ತಿದ್ದುವುದರಲ್ಲಿ ಹೆಸರಾದವರು. ಅಂಗಡಿಯವರು ಅದಕ್ಕೆ ಟಚಿಂಗ್ ಎನ್ನುತ್ತಾರೆ. ಇಳಕಲ್ಲು, ಕಲಾದಗಿ, ಹುನಗುಂದ, ಎಲ್ಲ ಕಡೆಯಿಂದ ಮದುವೆಗೆ ಬಂದ ಹುಡುಗಿಯರ ಫೋಟೋ ಅಲ್ಲಿಗೇ ಬರುತ್ತಿದ್ದವು. ಸಿಡುಬಿನ ಕಲೆ, ಸುಟ್ಟ ಗಾಯ, ಕಣ್ಣ ಕೆಳಗಿನ ಕಪ್ಪು, ಏನಿದ್ದರೂ ಕೆಳಗಿನಿಂದ ಬೆಳಕು ಬಿಡುವ ಅಂಗಡಿಯ ಓರೆ ಮೇಜಿನ ಮೇಲೆ ಮಾಯ. ನೆಗೆಟಿವ್‌ನಲ್ಲಿ ಬೆಳ್ಳಗೆ ಕಂಡದ್ದಕ್ಕೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ ತುಂಬಬೇಕು, ಕಪ್ಪಗೆ ಕಂಡದ್ದನ್ನು ಸಣ್ಣ ಚೂರಿಯ ತುದಿಯಿಂದ ಕೆರೆಯಬೇಕು. ಭೂತಗನ್ನಡಿ ಕಣ್ಣಿಗಿಟ್ಟುಕೊಂಡು, ಉಸಿರು ಹಿಡಿದು ಮಾಡುವ ಕೆಲಸ. ಒಂದು ಎಳೆ ಹೆಚ್ಚು ಕೆರೆದರೆ ಗಾಜಿನ ಮೇಲಿನ ಪದರು ಹರಿದು ಫೋಟೋದಲ್ಲಿ ಕರೀ ತೂತು ಬೀಳುತ್ತದೆ.

ಮುಖ ತಿದ್ದುವುದನ್ನು ಹೇಳಿಕೊಡುವ ಮೊದಲು ಮುರ್ತುಜಸಾಬರು ಎರಡು ವರ್ಷ ಬರೀ ಗೀರು ತೆಗೆಯಲು ಕೂರಿಸಿದ್ದರಂತೆ. ನೆಗೆಟಿವ್‌ನ ಗಾಜಿನ ಪ್ಲೇಟು ತೊಳೆಯುವಾಗ, ಒಣಗಿಸುವಾಗ ಉಗುರು ತಾಗಿ ಬೀಳುವ ಗೀರುಗಳು. ತೊಳೆಯುವ ಮೊದಲು ತಾಗಿದರೆ ಕಪ್ಪಗೆ, ಆಮೇಲೆ ತಾಗಿದರೆ ಬೆಳ್ಳಗೆ ಮೂಡುತ್ತವೆ. ಅವು ನಮ್ಮ ಕೈತಪ್ಪು, ಗಿರಾಕಿಯ ಕಣ್ಣಿಗೆ ಬೀಳುವ ಮೊದಲೇ ಹೋಗಬೇಕು, ಹೋದದ್ದು ಗೊತ್ತೂ ಆಗಬಾರದು ಎಂಬುದು ಆ ಅಂಗಡಿಯ ಕಾನೂನು. ಇವರಿಗೆ ಅದು ರಕ್ತದಲ್ಲಿ ಇಳಿದಿತ್ತು. ಮನೆಯ ಗೋಡೆಯ ಮೇಲೆ ಗೆರೆ ಕಂಡರೂ ಬೆರಳು ಹೋಗುತ್ತಿತ್ತು.

1978ರಲ್ಲಿ ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದರು. ಗುಹೆ ನೋಡಲು ಬರುವ ಸಾಲೆ ಮಕ್ಕಳ ಗ್ರೂಪ್ ಫೋಟೋ, ಹಾಲ್ ಟಿಕೆಟ್ಟಿನ ಫೋಟೋ, ಮದುವೆ. 1980ರ ಫೆಬ್ರುವರಿಯಲ್ಲಿ ಖಗ್ರಾಸ ಸೂರ್ಯಗ್ರಹಣವಾದಾಗ ಎಲ್ಲೆಲ್ಲಿಂದಲೋ ವಿಜ್ಞಾನಿಗಳು ನಮ್ಮ ಕಡೆ ಬಂದರು. ಅವರಲ್ಲಿ ಒಬ್ಬರು ಇಂದ್ರಾಬಾಯಿ. ಮೂಲ ಕಲಾದಗಿಯವರು, ಓದಿ ದೂರದ ಒಂದು ಸಂಸ್ಥೆಯಲ್ಲಿ ನಕ್ಷತ್ರದ ಕೆಲಸಕ್ಕೆ ಸೇರಿದವರು. ತಮ್ಮ ಪ್ಲೇಟುಗಳನ್ನು ತೊಳೆಯಲು ಇವರ ಡಾರ್ಕ್‌ರೂಮು ಬಾಡಿಗೆಗೆ ಹಿಡಿದರು. ಕೈ ಮೆಚ್ಚಿದರು. 1983ರ ನವೆಂಬರ್ ಕೊನೆಗೆ ಮತ್ತೆ ಬಂದರು. ಈ ಸಲ ಸೂರ್ಯನಿಗಾಗಿ ಅಲ್ಲ. ಮಹಾಕೂಟದ ದಾರಿಯ ಗುಡ್ಡದ ಮೇಲೆ ಡೇರೆ ಹಾಕಿ, ಒಂದು ದೊಡ್ಡ ಕ್ಯಾಮೆರಾ ಇಟ್ಟು, ಹದಿನೈದು ದಿನ ಆಕಾಶದ ಕೆಲವೇ ಭಾಗಗಳನ್ನು ಸರದಿಯಂತೆ ಮತ್ತೆ ಮತ್ತೆ ಹಿಡಿಯುವುದು ಅವರ ಕೆಲಸ. ರಾತ್ರಿ ಹಿಡಿದದ್ದನ್ನು ಬೆಳಿಗ್ಗೆ ಇವರ ಅಂಗಡಿಗೆ ತರುತ್ತಿದ್ದರು. ಜೊತೆಗೆ ರಾಚಯ್ಯ ಎಂಬ ಸಹಾಯಕ, ಬಾಗಲಕೋಟೆ ಕಡೆಯವನೇ, ಮಾತು ಚುರುಕು.

ಪ್ಲೇಟಿನಲ್ಲಿ ನಕ್ಷತ್ರಗಳು ಕಪ್ಪು ಚುಕ್ಕೆಗಳು. ಆಕಾಶದ ಜೊತೆಗೇ ತಿರುಗುವ ಕ್ಯಾಮೆರಾವನ್ನು ಒಂದು ತಾಸು ತೆರೆದಿಟ್ಟರೂ ಅವು ದುಂಡಗೇ ಇರುತ್ತವೆ. ಆದರೆ ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಸಣ್ಣ ಕ್ಷುದ್ರಗ್ರಹವೇನಾದರೂ ಆ ಜಾಗದಲ್ಲಿದ್ದರೆ, ಅದು ಆ ಒಂದು ತಾಸಿನಲ್ಲಿ ಚೂರು ಸರಿದು, ಚುಕ್ಕೆಯ ಬದಲು ಒಂದು ಸಣ್ಣ ಗೆರೆ ಬಿಡುತ್ತದೆ. ಇಂದ್ರಾಬಾಯಿ ಹುಡುಕುತ್ತಿದ್ದದ್ದು ಅಂಥ ಗೆರೆಯನ್ನು. ಇದನ್ನು ಅವರು ಡೇರೆಯಲ್ಲಿ ತಮ್ಮ ತಮ್ಮಲ್ಲಿ ಮಾತಾಡಿಕೊಂಡಿದ್ದರು. ಪ್ಲೇಟು ತೊಳೆಯುವವನಿಗೆ ಯಾರೂ ಹೇಳಿರಲಿಲ್ಲ.

ಬಂದ ಮೊದಲ ವಾರದಲ್ಲೇ ಒಣಹಾಕುವ ಕ್ಲಿಪ್ಪು ಜಾರಿ ಒಂದು ಪ್ಲೇಟಿನ ಮೂಲೆಗೆ ಗೀರು ಬಿದ್ದಿತ್ತು. ರಾಚಯ್ಯ ಗಿರಾಕಿಗಳ ಎದುರೇ ಇವರನ್ನು ಬೈದು, ಇನ್ನೊಂದು ಗೀರು ಬಿದ್ದರೆ ಕೆಲಸ ಬಾಗಲಕೋಟೆಗೆ ಒಯ್ಯುವುದಾಗಿ ಹೇಳಿದ್ದ. ಹೀಗಿರುವಾಗ ಎಂಟನೆಯ ತಾರೀಖು ಬೆಳಿಗ್ಗೆ, ಹಿಂದಿನ ರಾತ್ರಿಯ ಪ್ಲೇಟು ತೊಳೆದು ಒಣಗಿಸಿ ಭೂತಗನ್ನಡಿಯಲ್ಲಿ ನೋಡಿದರೆ, ಸಾವಿರಾರು ದುಂಡು ಚುಕ್ಕೆಗಳ ನಡುವೆ ಒಂದೇ ಒಂದು ಕೂದಲೆಳೆಯ ಕಪ್ಪು ಗೀರು. ತಮ್ಮ ಉಗುರೇ ತಾಗಿದೆ ಎಂದುಕೊಂಡರು. ಚೂರಿ ತೆಗೆದು ಐದು ನಿಮಿಷದಲ್ಲಿ ಕೆರೆದರು. ಮುರ್ತುಜಸಾಬರು ಮೆಚ್ಚುವ ಹಾಗೆ.

ಮರುದಿನದ ಹೊತ್ತಿಗೆ ಇಂದ್ರಾಬಾಯಿ ಒಂದನೇ ಮತ್ತು ಎರಡನೇ ತಾರೀಖಿನ ಪ್ಲೇಟುಗಳಲ್ಲಿ ಒಂದೊಂದು ಸಣ್ಣ ಗೆರೆ ಹಿಡಿದಿದ್ದರು. ಒಂದು ದಿನದಲ್ಲಿ ಅದು ಸರಿದ ದೂರವನ್ನು ಅಳೆದು, ಐದು ದಿನಕ್ಕೆ ಎಲ್ಲಿರಬೇಕೆಂದು ಲೆಕ್ಕ ಹಾಕಿ, ಅದೇ ಭಾಗವನ್ನು ಮತ್ತೆ ಹಿಡಿದಿದ್ದ ಏಳನೇ ತಾರೀಖಿನ ಮೂರನೆಯ ಪ್ಲೇಟಿನಲ್ಲಿ ಹುಡುಕಿದರು. ಅಲ್ಲಿ ಏನೂ ಇರಲಿಲ್ಲ. ಇವರನ್ನು ಕರೆದು, ತೊಳೆಯುವಾಗ ಈ ಪ್ಲೇಟಿನಲ್ಲಿ ಗೀರಿನಂಥದ್ದು ಏನಾದರೂ ಕಂಡಿತ್ತೇ ಎಂದು ಕೇಳಿದರು. ಇವರು ಇಲ್ರಿ ಎಂದುಬಿಟ್ಟರು.

ಆಗ ರಾಚಯ್ಯ ತೀರ್ಮಾನ ಮಾಡಿದ. ಮೂರನೆಯದರಲ್ಲಿ ಇಲ್ಲವೆಂದ ಮೇಲೆ ಮೊದಲಿನ ಎರಡೂ ಈ ಅಂಗಡಿಯ ಗೀರುಗಳೇ. ಇಂದ್ರಾಬಾಯಿ ಎರಡು ಪ್ಲೇಟಿಗೂ ಬೇಡದವೆಂದು ಕೆಂಪು ಗುರುತು ಹಾಕಿ ಪೆಟ್ಟಿಗೆಗೆ ಸೇರಿಸಿದರಂತೆ. ಸೋಮವಾರ ಹನ್ನೆರಡನೆಯ ತಾರೀಖು ಸಾಮಾನು ಒಯ್ಯಲು ಟ್ರಕ್ಕು ಬರುವುದಿತ್ತು. ಚಂದ್ರ ದಿನದಿನಕ್ಕೆ ದೊಡ್ಡವನಾಗುತ್ತಿದ್ದ, ಇನ್ನು ಆಕಾಶ ಕತ್ತಲಾಗಿ ಸಿಗುವುದು ಒಂದೆರಡು ರಾತ್ರಿಯಷ್ಟೇ.

ಹಿತ್ತಲಿನಲ್ಲಿ ನಿಂತು ಇಷ್ಟನ್ನೂ ಹೇಳಿದರು. ನಾನು ಆಗ ಹೇಳಿದ್ದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೂ ಅಂದಿನ ಡೈರಿಯಲ್ಲಿ ಇದೆ.

"ಸುಮ್ನಿರ್ರಿ," ಎಂದೆ. "ಸರಕಾರದ ಪ್ಲೇಟು ಅದು. ಕೆರದೇನಿ ಅಂದ್ರ ಯಾರು ಬಿಡ್ತಾರ? ನಾಳೆ ಸಾಲಿಯವ್ರು ಫೋಟೋಕ್ಕ ಕರೀತಾರೇನು? ಕೂಸು ಮೂರು ತಿಂಗಳದ್ದೈತಿ."

ಅವರು ನನ್ನನ್ನು ಬೈಯಲಿಲ್ಲ. ಅದು ಹೋದರೆ ಮತ್ತೆ ಎಲ್ಲಿ ಹುಡುಕಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಇಂದ್ರಾಬಾಯಿ ರಾಚಯ್ಯನಿಗೆ ಹೇಳುತ್ತಿದ್ದುದನ್ನು ಮಾತ್ರ ತಿಳಿಸಿದರು. ಎರಡು ಗೆರೆಯನ್ನು ಯಾರೂ ನಂಬುವುದಿಲ್ಲ, ಮೂರನೆಯದು ಬೇಕೇ ಬೇಕು. "ನನ್ನ ಕಣ್ಣಿಗೆ ಬಿದ್ದಿತ್ತು, ಮಾದೇವಿ," ಎಂದರು. "ಎಲ್ಲಾರಿಗಿಂತ ಮೊದಲ ನನಗ ಬಿದ್ದಿತ್ತು." ಹಾಗೆಂದು ಅಂಗಡಿಗೆ ಹೋದರು.

ಸಂಜೆಯೂ ಉಣ್ಣಲಿಲ್ಲ. ಕೂಸನ್ನು ಎತ್ತಿಕೊಂಡು ಅದರ ಕೆನ್ನೆಯ ಮೇಲಿದ್ದ ಸೊಳ್ಳೆ ಕಡಿದ ಗುರುತನ್ನು ನೋಡುತ್ತ ಕೂತರು.

ಮರುದಿನ ಶನಿವಾರ ಬೆಳಿಗ್ಗೆ ನಾನು ಬುತ್ತಿ ಕಟ್ಟಿ, ಕೂಸನ್ನು ಕಟ್ಟಿಕೊಂಡು ಅಂಗಡಿಗೆ ಹೋದೆ. ತಡೆಯಲು ಹೋದೆನೋ ಧೈರ್ಯ ಹೇಳಲು ಹೋದೆನೋ ನನಗೇ ತಿಳಿಯದು. ಇಂದ್ರಾಬಾಯಿ ಒಳಗೆ ಪೆಟ್ಟಿಗೆಗಳಿಗೆ ಹುಲ್ಲು ತುಂಬಿಸುತ್ತಿದ್ದರು. ಕಣ್ಣು ಕೆಂಪಗಿದ್ದವು. ನನ್ನನ್ನು ಕಂಡು ಕೈ ಒರೆಸಿಕೊಂಡು ಕೂಸನ್ನು ತೆಗೆದುಕೊಂಡರು. ಎಷ್ಟು ತಿಂಗಳು, ರಾತ್ರಿ ಮಲಗುತ್ತದೆಯೇ ಎಂದೆಲ್ಲ ಕೇಳಿದರು.

ಆಗ ಇವರು ಡಾರ್ಕ್‌ರೂಮಿನಿಂದ ಹೊರಬಂದರು. ಯಾರ ಮುಖವನ್ನೂ ನೋಡದೆ ಪೆಟ್ಟಿಗೆಯಿಂದ ಮೂರನೆಯ ಪ್ಲೇಟು ತೆಗೆದರು. ಬಾಗಿಲಿಗೆ ಹೋಗಿ, ಬೆಳಕು ಗಾಜಿನ ಮೇಲೆ ಅಡ್ಡ ಬೀಳುವ ಹಾಗೆ ಹಿಡಿದರು.

"ಬಾಯಾರ, ಇಲ್ಲಿ ನೋಡ್ರಿ. ನಿನ್ನೆ ನಾ ಸುಳ್ಳು ಹೇಳಿದ್ನಿ. ಇಲ್ಲೊಂದು ಗೀರಿತ್ತು. ನನ್ನ ಕೈದು ಅಂತ ತಿಳದು ಕೆರದು ತಗದೇನಿ."

ಇಂದ್ರಾಬಾಯಿ ಕೂಸನ್ನು ನನ್ನ ಕೈಗೆ ಕೊಟ್ಟರು. ರಾಚಯ್ಯ ಎದ್ದು ನಿಂತ.

"ಹುಡುಗ್ಯಾರ ಮಾರಿ ಮ್ಯಾಲಿಂದು ಅಳಿಸಿ ಅಳಿಸಿ ಚಟ ಬಿದ್ದೈತಲ್ಲೋ ಮಾರಾಯ ನಿನಗ," ಎಂದ. "ಆಕಾಶಕ್ಕೂ ಟಚಿಂಗ್ ಮಾಡಿದಿ? ಮ್ಯಾಲಿನವ್ರಿಗೆ ಕಾಗದ ಬರೀತೇನಿ ನಾ. ಈ ಅಂಗಡಿ ಕೀಲಿ ಹಾಕಸ್ತೇನಿ."

ಇವರು ಬರೆಯಿರಿ ಎಂದಷ್ಟೇ ಅಂದರು.

"ರಾಚಯ್ಯ, ನೀ ಸ್ವಲ್ಪ ಸುಮ್ನಿರು," ಎಂದರು ಇಂದ್ರಾಬಾಯಿ. ಭೂತಗನ್ನಡಿ ಹಿಡಿದು ಪ್ಲೇಟಿನ ಮೇಲೆ ಬಗ್ಗಿದರು. "ಸಿಟ್ಟು ನನಗೂ ಬಂದದ. ಅದನ್ನ ಆಮ್ಯಾಲೆ ನೋಡೋಣು. ಹೊಳಬಸಪ್ಪ, ಗೀರು ಎಷ್ಟು ಉದ್ದ ಇತ್ತು? ಯಾವ ಕಡೆ ವಾಲಿತ್ತು?"

ನನ್ನ ಗಂಡನನ್ನು ನಾನು ಅವತ್ತು ಹೊಸದಾಗಿ ನೋಡಿದೆ. ಮುರ್ತುಜಸಾಬರ ಅಂಗಡಿಯಲ್ಲಿ ತಿದ್ದಿದ ಪ್ರತಿಯೊಂದು ಮುಖದ ಕಲೆಯೂ ಅವರಿಗೆ ನೆನಪಿರುತ್ತಿತ್ತು. ಹತ್ತು ವರ್ಷದ ಮೇಲೆ ಸಂತೆಯಲ್ಲಿ ಆ ಹೆಣ್ಣುಮಕ್ಕಳು ಎದುರಾದರೆ ಗುರುತು ಹಿಡಿಯುತ್ತಿದ್ದುದು ಆ ಕಲೆಗಳಿಂದಲೇ. ಪೆನ್ಸಿಲ್ ತೆಗೆದುಕೊಂಡು ಕಾಗದದ ಮೇಲೆ ಸುತ್ತಲಿನ ಏಳು ಚುಕ್ಕೆಗಳನ್ನು ಇಟ್ಟರು. ಅವುಗಳ ನಡುವೆ ಗೀರು ಎಳೆದರು. ಬಲತುದಿ ಮೇಲಕ್ಕೆ, ಎಡತುದಿ ಕೆಳಕ್ಕೆ. ಎರಡೂ ತುದಿ ಒಂದೇ ಸಮ, ನಡುವೆ ದಪ್ಪವಿರಲಿಲ್ಲ. ಉಗುರಿನ ಗೀರು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇರುತ್ತದೆ, ಇದು ಹಾಗಿರಲಿಲ್ಲ, ಅವತ್ತೇ ನನಗೆ ತಿಳಿಯಬೇಕಿತ್ತು ಎಂದರು. ಚೂರಿಯನ್ನು ಗೀರಿನಗುಂಟವೇ ಆಡಿಸಿದ್ದರಿಂದ ಗಾಜಿನ ಮೇಲೆ ಉಳಿದ ಕೆರೆತದ ಗುರುತು ಅದರಷ್ಟೇ ಉದ್ದ, ಅದರ ಜಾಗದಲ್ಲೇ ಇತ್ತು.

ಇಂದ್ರಾಬಾಯಿ ಕೆಂಪು ಗುರುತಿನ ಎರಡು ಪ್ಲೇಟು ಹೊರಗೆ ತೆಗೆಸಿದರು. ಅಳತೆಪಟ್ಟಿ, ಕಾಗದ, ಪೆನ್ನು. ಲೆಕ್ಕ ಒಂದು ತಾಸು ನಡೆಯಿತು. ನಾನು ಬುತ್ತಿ ಬಿಚ್ಚಲೂ ಇಲ್ಲ, ಮನೆಗೂ ಹೋಗಲಿಲ್ಲ, ಮೂಲೆಯಲ್ಲಿ ಕೂಸಿಗೆ ಹಾಲು ಕೊಡುತ್ತ ಕೂತೆ. ಲೆಕ್ಕದ ಪ್ರಕಾರ ಗೆರೆ ಇರಬೇಕಾದ ಜಾಗಕ್ಕೂ ಇವರ ಚೂರಿಯ ಗುರುತಿಗೂ ಎಳ್ಳಿನಷ್ಟೂ ಅಂತರ ಇರಲಿಲ್ಲ. ರಾಚಯ್ಯ ತಾನೇ ಎರಡು ಸಲ ಅಳೆದು, ಪಟ್ಟಿ ಕೆಳಗಿಟ್ಟು, ಹೊರಗೆ ಹೋಗಿ ನಿಂತ.

ಕೆರೆದ ಗುರುತನ್ನು ಸಾಕ್ಷಿ ಎಂದು ಯಾರೂ ಒಪ್ಪುವುದಿಲ್ಲ, ತಾನೂ ಒಪ್ಪುವುದಿಲ್ಲ ಎಂದು ಇಂದ್ರಾಬಾಯಿ ಸ್ಪಷ್ಟ ಹೇಳಿದರು. ಆದರೆ ಮೊದಲಿನ ಎರಡು ಗೆರೆ ನಿಜವೆಂದೂ ಮುಂದೆ ಎಲ್ಲಿ ನೋಡಬೇಕೆಂದೂ ಈಗ ಗೊತ್ತಾಗಿತ್ತು. ಉಳಿದ ಎರಡು ರಾತ್ರಿಯಲ್ಲಿ ಅಲ್ಲೇ ಕ್ಯಾಮೆರಾ ತಿರುಗಿಸಿ ಹೊಸದಾಗಿ ಹಿಡಿಯಬೇಕು. ಸಿಕ್ಕರೆ ಸಿಕ್ಕಿತು.

ಅವತ್ತು ಸಂಜೆ ಪಶ್ಚಿಮದಿಂದ ಮೋಡ ಬಂತು. ಡಿಸೆಂಬರಿನಲ್ಲಿ ನಮ್ಮಲ್ಲಿ ಮೋಡ ಕಾಣುವುದು ಅಪರೂಪ. ಅಂಗಳದಲ್ಲಿ ಹಾಕಿದ್ದ ಮೆಣಸಿನಕಾಯಿಯನ್ನು ಅತ್ತೆ ಒಳಗೆ ತೆಗೆಯುತ್ತಿದ್ದರೆ ಇವರು ಕಂಬಕ್ಕೆ ಒರಗಿ ಮೇಲೆ ನೋಡುತ್ತಿದ್ದರು. ಭಾನುವಾರ ಬೆಳಿಗ್ಗೆ ಗುಡ್ಡದಿಂದ ಪ್ಲೇಟು ಬರಲಿಲ್ಲ. ಇವರು ಹಗಲೆಲ್ಲ ಡಾರ್ಕ್‌ರೂಮಿನ ತಟ್ಟೆಗಳನ್ನು ತೊಳೆದರು, ಕ್ಲಿಪ್ಪುಗಳ ಬಾಯಿಗೆ ಹೊಸ ಬಟ್ಟೆ ಕಟ್ಟಿದರು, ಕೈಯ ಹತ್ತೂ ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡರು. ಮಧ್ಯಾಹ್ನದ ಮೇಲೆ ಮೋಡ ಒಡೆಯಿತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಇಂದ್ರಾಬಾಯಿ ರಾಚಯ್ಯನ ಜೊತೆ ಅಂಗಡಿಗೆ ಬಂದರು. ನಾನೂ ಅಲ್ಲೇ ಇದ್ದೆ. ಒಂದೇ ಒಂದು ಪ್ಲೇಟು. ಚಂದ್ರ ಮುಳುಗಿದ ಮೇಲೆ ಹಿಡಿದದ್ದು. ಟ್ರಕ್ಕು ಆಗಲೇ ಗುಡ್ಡದ ಬುಡದಲ್ಲಿತ್ತು, ಡೇರೆ ಬಿಚ್ಚುತ್ತಿದ್ದರು. ಇದನ್ನು ತಾನೇ ತೊಳೆಯುವುದಾಗಿ ರಾಚಯ್ಯ ಕೈ ಚಾಚಿದ. ಇವರೂ ಅದೇ ಸರಿ ಎಂದು ಹಿಂದೆ ಸರಿದರು.

"ಇಲ್ಲ," ಎಂದರು ಇಂದ್ರಾಬಾಯಿ. "ಇದನ್ನ ಹೊಳಬಸಪ್ಪ ತೊಳೀತಾರ. ಆದ್ರ ಚೂರಿ ಈ ಮೇಜಿನ ಮ್ಯಾಲೆ ಇಟ್ಟು ಒಳಗ ಹೋಗ್ರಿ."

ಇವರು ಕಿಸೆಯಿಂದ ಚೂರಿ ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋದರು. ಬಾಗಿಲು ಮುಚ್ಚಿತು. ನಾವು ಮೂರು ಜನ ಹೊರಗೆ. ಪ್ಲೇಟು ತೊಳೆಯಲು ಎಷ್ಟು ಹೊತ್ತೆಂದು ಮದುವೆಯಾಗಿ ನಾಲ್ಕು ವರ್ಷದಲ್ಲಿ ನನಗೆ ಚೆನ್ನಾಗಿ ಗೊತ್ತು. ಅವತ್ತು ಅದರ ಎರಡರಷ್ಟಾಯಿತು. ಒಳಗೆ ನೀರು ಸುರಿಯುವ ಸಪ್ಪಳ ನಿಂತಾಗೆಲ್ಲ ರಾಚಯ್ಯ ನನ್ನ ಮುಖ ನೋಡುತ್ತಿದ್ದ, ನನಗೇನೋ ಗೊತ್ತಿರುವ ಹಾಗೆ. ಗುಡ್ಡದಿಂದ ಬಂದ ಆಳೊಬ್ಬ ಟ್ರಕ್ಕಿನವನು ಅವಸರ ಮಾಡುತ್ತಿದ್ದಾನೆಂದು ಹೇಳಿ ಹೋದ.

ಇವರು ಪ್ಲೇಟಿನ ಅಂಚನ್ನು ಎರಡೂ ಅಂಗೈಯಲ್ಲಿ ಹಿಡಿದು ಬಂದರು. ತಾವು ಅದನ್ನು ನೋಡಲೇ ಇಲ್ಲ. ಓರೆ ಮೇಜಿನ ಮೇಲಿಟ್ಟು, ಕೆಳಗಿನ ಕನ್ನಡಿ ತಿರುಗಿಸಿ ಬೆಳಕು ಬಿಟ್ಟು, ಗೋಡೆಗೆ ಬೆನ್ನು ಹಚ್ಚಿ ನಿಂತರು. ಇಂದ್ರಾಬಾಯಿ ಭೂತಗನ್ನಡಿ ಇಟ್ಟರು. ಇಂಚಿಂಚೇ ಸರಿಸಿದರು. ಒಮ್ಮೆ ನಿಲ್ಲಿಸಿ, ಕಣ್ಣು ಒರೆಸಿಕೊಂಡು, ಮತ್ತೆ ಇಟ್ಟರು.

"ಅದ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಬರ್ರಿ, ನೋಡ್ರಿ."

ಇವರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ರಾಚಯ್ಯ ನೋಡಿದ. ಕೊನೆಗೆ ನನಗೂ ತೋರಿಸಿದರು. ಇರುವೆಯ ಕಾಲು ಮುರಿದು ಬಿದ್ದ ಹಾಗೆ, ಅಷ್ಟೇ ಇತ್ತು.

ಹತ್ತು ಗಂಟೆಗೆ ಅಂಚೆ ಕಚೇರಿಯಿಂದ ತಂತಿ ಹೋಯಿತು. ಟ್ರಕ್ಕು ಹೊರಡುವ ಮೊದಲು ಇಂದ್ರಾಬಾಯಿ ವರದಿ ಬರೆದು ಇವರಿಗೆ ಓದಿ ಹೇಳಿದರು. ಏಳನೇ ತಾರೀಖಿನ ಪ್ಲೇಟಿನ ಗುರುತನ್ನು ಅಂಗಡಿಯವರು ತಪ್ಪು ತಿಳಿದು ಕೆರೆದಿದ್ದಾರೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದು ಅದರಲ್ಲಿತ್ತು. ಇವರು ಕೆಳಗೆ ಸಹಿ ಹಾಕಿದರು. ರಾಚಯ್ಯ ಮೇಲಿನವರಿಗೆ ಕಾಗದ ಬರೆದನೋ ಇಲ್ಲವೋ, ಅಂಗಡಿಗೆ ಕೀಲಿಯಂತೂ ಬೀಳಲಿಲ್ಲ.

ಆದರೆ ಒಮ್ಮೆ ಸಿಕ್ಕರೆ ಸಾಲದು. ಹೊಸ ಕ್ಷುದ್ರಗ್ರಹಕ್ಕೆ ಮೊದಲು ವರ್ಷ ಮತ್ತು ಅಕ್ಷರಗಳ ಒಂದು ತಾತ್ಕಾಲಿಕ ಗುರುತು ಕೊಡುತ್ತಾರೆ. ಅದು ಸುತ್ತಿ ಬಂದಾಗೆಲ್ಲ ಮತ್ತೆ ಕಾಣಬೇಕು, ದಾರಿ ಗಟ್ಟಿಯಾಗಬೇಕು, ಆಮೇಲೆ ಖಾಯಂ ಸಂಖ್ಯೆ, ಆಮೇಲೆ ಹೆಸರು. 1985ರಲ್ಲಿ ಬೇರೊಂದು ದೇಶದವರು ನೋಡಿದರೆಂದು ಕಾರ್ಡು ಬಂತು. ಮುಂದಿನ ಸಲ ಮಳೆಮೋಡದಲ್ಲಿ ತಪ್ಪಿತಂತೆ. ಆ ವರ್ಷ ಇವರು ಅಂಚೆಯವನ ದಾರಿ ಕಾಯ್ದು ಸೊರಗಿದರು. 1987ರಲ್ಲಿ ಮತ್ತೆ ಸಿಕ್ಕಿತು.

1988ರ ಆಗಸ್ಟ್‌ನಲ್ಲಿ ಇಂದ್ರಾಬಾಯಿಯವರ ದಪ್ಪ ಲಕೋಟೆ ಬಂತು. ಸಂಖ್ಯೆ ಸಿಕ್ಕಿದೆ, ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು, ನಾನು ಹೊಳಬಸಪ್ಪ ಎಂದು ಸೂಚಿಸಬೇಕೆಂದಿದ್ದೇನೆ, ನಿಮ್ಮ ಒಪ್ಪಿಗೆ ಬೇಕು ಎಂದಿತ್ತು. ಹೆಸರಿನ ಜೊತೆ ಅಚ್ಚಾಗುವ ಎರಡು ಸಾಲನ್ನೂ ಕನ್ನಡದಲ್ಲಿ ಬರೆದಿದ್ದರು. ತನ್ನ ಸೂಕ್ಷ್ಮ ದೃಷ್ಟಿ ಮತ್ತು ನುರಿತ ಕೈಯಿಂದ ಈ ಶೋಧಕ್ಕೆ ನೆರವಾದ ಬಾದಾಮಿಯ ಛಾಯಾಗ್ರಾಹಕ.

ಅತ್ತೆ ನನ್ನಿಂದ ಎರಡು ಸಲ ಓದಿಸಿ ಓಣಿಗೆಲ್ಲ ಹೇಳಲು ಎದ್ದರು. ಇವರು ತಡೆದರು. ಮುಖ ಮತ್ತೆ ಆ ದಿನದ ಹಾಗೇ ಆಗಿತ್ತು.

"ಬಾಯಾರು ನನ್ನ ಮಾರಿಗೆ ಟಚಿಂಗ್ ಮಾಡ್ಯಾರ," ಎಂದರು. "ಇದ್ದಂಗ ಬರದ್ರ ಹಾಕ್ಲಿ. ಇಲ್ಲಾಂದ್ರ ಹೆಸರ ಬ್ಯಾಡ."

ಅತ್ತೆ ಹಣೆ ಬಡಿದುಕೊಂಡರು. ಆಕಾಶದಲ್ಲಿ ಹೆಸರು ಬರೆಯುತ್ತೇವೆಂದರೆ ಅದರ ಕೆಳಗೆ ತನ್ನ ತಪ್ಪನ್ನೂ ಬರೆಯಿರಿ ಎನ್ನುವವನನ್ನು ಎಲ್ಲಿಯೂ ಕಾಣೆ ಎಂದರು. ಇವರು ನನ್ನ ಕಡೆ ನೋಡಿದರು. ಐದು ವರ್ಷದ ಹಿಂದೆ ಹಿತ್ತಲಿನಲ್ಲಿ ಹೇಳಿದ್ದನ್ನೇ ನಾನು ಈಗಲೂ ಹೇಳಬಹುದೆಂದು ಅಂಜಿದ್ದರೋ ಏನೋ. ಮಗಳು ಸಾಲೆಗೆ ಹೋಗುತ್ತಿದ್ದಳು. ಇದನ್ನು ಮುಂದೆ ಓದುವವಳು ಅವಳು. ನಾನು ಇನ್ಲ್ಯಾಂಡ್ ಪತ್ರ ತಂದು ಕೂತೆ. ಅವರು ಹೇಳಿದರು, ನಾನು ಬರೆದೆ. ಹೆಸರು ಇಡುವುದಾದರೆ ಕೆರೆದದ್ದೂ ಬರಬೇಕು, ಸುಳ್ಳು ಹೇಳಿದ್ದೂ ಬರಬೇಕು.

ಎರಡು ತಿಂಗಳು ಉತ್ತರವಿರಲಿಲ್ಲ. ಸಿಟ್ಟಾಗಿರಬೇಕು, ಬೇರೆ ಹೆಸರು ಇಟ್ಟಿರಬೇಕು ಎಂದು ನಾವು ಆ ಮಾತು ಬಿಟ್ಟೆವು. ಅಷ್ಟರಲ್ಲಿ ಸುದ್ದಿ ಹೇಗೋ ಪೇಟೆಗೆ ಇಳಿದಿತ್ತು. ಆಕಾಶದ್ದನ್ನೇ ಅಳಿಸಿದವನಿಗೆ ನಮ್ಮ ಹುಡುಗಿಯ ಮಚ್ಚೆ ಯಾವ ಲೆಕ್ಕ ಎಂದು ಚೊಳಚಗುಡ್ಡದಿಂದಲೂ ಜನ ಫೋಟೋ ಹಿಡಿದುಕೊಂಡು ಬರತೊಡಗಿದರು.

ಅಕ್ಟೋಬರ್ ಕೊನೆಗೆ ಉತ್ತರ ಬಂತು. ಈ ಸಲ ಇಂದ್ರಾಬಾಯಿ ಬೇರೆ ಏನೂ ಬರೆದಿರಲಿಲ್ಲ, ಆ ಸಾಲುಗಳಷ್ಟೇ: ಬಾದಾಮಿಯ ಫೋಟೋ ತಿದ್ದುಗಾರ. ಈ ಕಾಯದ ಗುರುತನ್ನು ಗೀರೆಂದು ತಿಳಿದು ಒಂದು ಪ್ಲೇಟಿನಿಂದ ಕೆರೆದು ತೆಗೆದರು. ಮೊದಲು ಇಲ್ಲವೆಂದು, ಮರುದಿನ ಹೌದೆಂದು ಹೇಳಿದರು. ಹಾಗೆ ಹೇಳಿದ್ದರಿಂದ ಅದು ಮತ್ತೆ ಸಿಕ್ಕಿತು.

ಓದಿ ಮುಗಿಸಿದೆ. ಇನ್ನೊಮ್ಮೆ ಓದು ಎಂದರು. ಓದಿದೆ.

"ಹಾಂ," ಎಂದರು. "ಇದು ನಾನ ಖರೆ."

ಮೊದಲ ಲಕೋಟೆಯಲ್ಲಿ ಬಂದಿದ್ದ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ನನ್ನ ಕೈಗೆ ಕೊಟ್ಟು ಅಂಗಡಿಗೆ ಹೋದರು. ಹನ್ನೊಂದರ ಟಪಾಲು ತಪ್ಪಿದರೆ ನಾಳೆಯೇ. ಒಲೆಯ ಮೇಲಿನ ಹಾಲನ್ನು ಅತ್ತೆಗೆ ನೋಡಿಕೊಳ್ಳಲು ಹೇಳಿ ನಾನು ಅಂಚೆ ಕಚೇರಿಗೆ ನಡೆದೆ.